ನಿರಾಳ ನಗರ ಯಾರಿಗೆ ನಿರಾಳ?

ಭಾನುವಾರದ ಪುರವಣಿಗಳಲ್ಲೂ ಪ್ರವಾಸದ ಪತ್ರಿಕೆಗಳಲ್ಲೂ ಒಂದು ಬಗೆಯ ಬರಹ ಹುಲುಸಾಗಿ ಬೆಳೆದಿದೆ. ಒಬ್ಬಳೇ ಪ್ರವಾಸ ಹೊರಟ ಹೆಣ್ಣಿಗೆ ಯಾವ ಯಾವ ನಗರ ನಿರಾಳ ಅಂತ ಪಟ್ಟಿ ಮಾಡಿ ಹೇಳುವ ಬರಹ ಇದು. ಪಾಂಡಿಚೇರಿ, ಉದಯಪುರ, ಕೊಚ್ಚಿ ಇಂಥ ಹೆಸರುಗಳ ಸಾಲಿನಲ್ಲಿ ನಮ್ಮ ಮೈಸೂರು ಕೂಡ ಬಂದು ನಿಲ್ಲುತ್ತದೆ. ಅಗಲವಾದ ರಸ್ತೆ, ಸಾಲುಮರ, ಗಡಿಬಿಡಿ ಇಲ್ಲದ ಜನ, ಗೋಕುಲಂನ ಯೋಗ, ದೇವರಾಜ ಮಾರುಕಟ್ಟೆಯ ಮಲ್ಲಿಗೆ, ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಸಿಕೊಂಡು ನಿಲ್ಲುವ ಅರಮನೆ. ಒಬ್ಬಳೇ ಹೋಗು ತಂಗಿ, ಏನೂ ಭಯವಿಲ್ಲ ಎನ್ನುವ ಧಾಟಿಯಲ್ಲಿ ಬರಹ ಮುಗಿಯುತ್ತದೆ.

ಇಂಥವನ್ನು ಸಾಹಿತ್ಯವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ವಿಮರ್ಶಕರು ಮಹಾಕಾವ್ಯದ ಜಗಲಿ ಬಿಟ್ಟು ಕೆಳಗಿಳಿಯುವುದೂ ಕಡಿಮೆ. ಆದರೆ ಪಿಯುಸಿ ಓದುವ ಹಳ್ಳಿಯ ಹುಡುಗಿಗೆ ನಗರ ಅಂದರೆ ಹೀಗೆ, ಸ್ವಾತಂತ್ರ್ಯ ಅಂದರೆ ಹೀಗೆ ಅಂತ ಇವತ್ತು ಹೇಳಿಕೊಡುತ್ತಿರುವುದು ಇಂಥ ಎರಡು ಪುಟದ ಬರಹಗಳೇ. ಹಾಗಾಗಿ ಇವನ್ನೂ ವಿಮರ್ಶೆಯ ಕಟಕಟೆಗೆ ಕರೆಯಬೇಕಾಗಿದೆ.

ಮೊದಲೇ ಒಂದು ಮಾತು ಸ್ಪಷ್ಟವಿರಲಿ. ಹೆಣ್ಣು ಒಬ್ಬಳೇ ಊರು ಬಿಟ್ಟು ಹೊರಡುವುದು ಸಣ್ಣ ಸಂಗತಿಯಲ್ಲ. ಎಳೆತನದಲ್ಲಿ ಅಪ್ಪ, ಯೌವನದಲ್ಲಿ ಗಂಡ, ಮುಪ್ಪಿನಲ್ಲಿ ಮಗ ಕಾಯಬೇಕು ಅನ್ನುವ ಧರ್ಮಶಾಸ್ತ್ರದ ಬೆನ್ನಿಗೆ ಪ್ರತಿಯೊಬ್ಬ ಒಂಟಿ ಪ್ರಯಾಣಿಕಳೂ ಒಂದು ಏಟು ಹಾಕುತ್ತಾಳೆ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ'ಯಂಥ ಪ್ರವಾಸಕಥನವನ್ನು ಕನ್ನಡದ ಹುಡುಗಿಯರು ಓದಿ ಹಿಗ್ಗಿದ್ದರೆ ಅದಕ್ಕೆ ಕಾರಣವಿದೆ. ಗಂಡಸಿನ ಬೆಂಗಾವಲಿಲ್ಲದೆ ಹೆಣ್ಣು ಜಗತ್ತು ನೋಡಬಹುದು ಅನ್ನುವುದೇ ನಮ್ಮಲ್ಲಿ ಇನ್ನೂ ಸುದ್ದಿ. ಈ ಹಿಗ್ಗನ್ನು ಕಸಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ತಕರಾರು ಆ ಪಟ್ಟಿಗಳು ಕೇಳದೆ ಬಿಟ್ಟ ಪ್ರಶ್ನೆಯ ಬಗ್ಗೆ. 'ಒಂಟಿ ಹೆಣ್ಣು' ಅಂತ ಬರೆಯುತ್ತಾರಲ್ಲ, ಯಾವ ಹೆಣ್ಣು? ಅವಳ ಕೈಯಲ್ಲಿ ಎಷ್ಟು ದುಡ್ಡಿದೆ? ಅವಳ ಹೆಸರಿನ ಹಿಂದೆ ಯಾವ ಜಾತಿಯಿದೆ? ಅವಳು ಊರು ನೋಡಲು ಬಂದವಳೋ, ಊರಿನಲ್ಲಿ ದುಡಿಯಲು ಬಂದವಳೋ?

1

ಭಾಷೆಯಿಂದಲೇ ಶುರು ಮಾಡೋಣ. ಗಂಡು ಒಬ್ಬನೇ ತಿರುಗಿದರೆ ಕನ್ನಡ ಅವನಿಗೆ ಒಳ್ಳೊಳ್ಳೆ ಹೆಸರು ಕೊಡುತ್ತದೆ. ಸಂಚಾರಿ, ದೇಶ ಸುತ್ತಿದವ, ಏಕಾಂತಪ್ರಿಯ. ಹೆಣ್ಣು ಒಬ್ಬಳೇ ತಿರುಗಿದರೆ ಅದೇ ಕನ್ನಡ ಬೈಗುಳ ಹುಡುಕುತ್ತದೆ. ಬೀದಿಗೆ ಬಿದ್ದವಳು, ಬಿಟ್ಟಿ ಬಿದ್ದವಳು, ಗಂಡುಬೀರಿ. ತಿರುಗಿದರೆ ಹೆಣ್ಣು ಕೆಡುತ್ತಾಳೆ, ಕೂತರೆ ಗಂಡು ಕೆಡುತ್ತಾನೆ ಅನ್ನುವ ಅರ್ಥದ ಗಾದೆ ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ. 'ಏಕಾಂತ' ಗಂಡಿನ ಪಾಲಿಗೆ, 'ಒಂಟಿತನ' ಹೆಣ್ಣಿನ ಪಾಲಿಗೆ. ಒಂದರಲ್ಲಿ ಘನತೆ ಇದೆ, ಇನ್ನೊಂದರಲ್ಲಿ ಅನುಮಾನ ಇದೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ತೆಗೆದುಕೊಳ್ಳಿ. ಕುವೆಂಪು ಆ ಕೆರೆಯ ಏರಿಯ ಮೇಲೆ ಅಡ್ಡಾಡಿದರು. ಆ ನೀರು, ಆ ಹಕ್ಕಿ, ಆ ಸಂಜೆ ಅವರ ಕಾವ್ಯಕ್ಕೆ ಬಂದವು. ಆರ್.ಕೆ. ನಾರಾಯಣ್ ಮೈಸೂರಿನ ಬೀದಿಗಳಲ್ಲಿ ದಿನವೂ ಸುಮ್ಮನೆ ನಡೆಯುತ್ತಿದ್ದರು. ಆ ನಡಿಗೆಯಿಂದ ಕಥೆ ಹುಟ್ಟಿತು. ಸಾಹಿತ್ಯ ಹುಟ್ಟಲು ಹೊತ್ತು ಬೇಕು, ಜಾಗ ಬೇಕು, ಯಾಕೆ ನಿಂತಿದ್ದೀಯ ಅಂತ ಯಾರೂ ಕೇಳದ ಒಂದು ಕಲ್ಲುಬೆಂಚು ಬೇಕು. ಈ ಬೆಂಚು ಯಾರಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅನ್ನುವುದನ್ನು ನಮ್ಮ ಸಾಹಿತ್ಯ ಚರಿತ್ರೆ ಬರೆದವರು ಲೆಕ್ಕ ಹಾಕಲೇ ಇಲ್ಲ.

ಇದೇ ಕೆರೆಯ ಇನ್ನೊಂದು ಕಥೆ ಕೇಳಿ. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಹತ್ತಿರ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ಸಂಜೆ 6.30ರ ಮೇಲೆ ಮಾನಸಗಂಗೋತ್ರಿಯಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆಗೆ ಆ ಹೊತ್ತಿನ ಮೇಲೆ ಪ್ರವೇಶವಿಲ್ಲ. ಕಾಯಬೇಕಾಗಿದ್ದ ಸರ್ಕಾರದ ಅಂದಿನ ಗೃಹಮಂತ್ರಿ, ಅವರು ಅಂಥ ನಿರ್ಜನ ಜಾಗಕ್ಕೆ ಹೋಗಬಾರದಿತ್ತು ಎನ್ನುವ ಮಾತಾಡಿದರು. ವಿರೋಧ ಎದ್ದ ಮೇಲೆ ಸುತ್ತೋಲೆ ವಾಪಸಾಯಿತು, ಮಂತ್ರಿಗಳೂ ಮಾತು ನುಂಗಿದರು. ಆದರೆ ಒಳಗಿದ್ದದ್ದು ಬಾಯಿಗೆ ಬಂದಾಗಿತ್ತು. ತಪ್ಪು ಮಾಡಿದವನು ಗಂಡಸು, ಬೀಗ ಬಿದ್ದದ್ದು ಹೆಣ್ಣಿಗೆ. ಅರಮನೆಗೆ ಒಂದು ಲಕ್ಷ ಬಲ್ಬು ಹಾಕಲು ಗೊತ್ತಿರುವ ಊರಿಗೆ ಕತ್ತಲೆಯ ರಸ್ತೆಗೆ ನಾಲ್ಕು ದೀಪ ಹಾಕುವುದಕ್ಕಿಂತ ಹುಡುಗಿಯರನ್ನು ಹಾಸ್ಟೆಲಿಗೆ ಅಟ್ಟುವುದೇ ಸುಲಭವಾಗಿ ಕಂಡಿತು.

ನಿರಾಳ ನಗರಗಳ ಪಟ್ಟಿ ಬರೆಯುವವರು ಇದನ್ನು ಬರೆಯುವುದಿಲ್ಲ. ಬರೆದರೂ 'ಕತ್ತಲಾದ ಮೇಲೆ ನಿರ್ಜನ ಪ್ರದೇಶಗಳಿಗೆ ಹೋಗಬೇಡಿ' ಅಂತ ಒಂದು ಸಾಲು ಸೇರಿಸಿ ಕೈ ತೊಳೆಯುತ್ತಾರೆ. ಆ ಸಾಲಿಗೂ ಆ ಸುತ್ತೋಲೆಗೂ ಏನು ವ್ಯತ್ಯಾಸ? ಎರಡೂ ಊರನ್ನು ಬದಲಾಯಿಸು ಅನ್ನುವುದಿಲ್ಲ, ನೀನು ಬದಲಾಗು ಅನ್ನುತ್ತವೆ.

2

ಒಂಟಿ ಹೆಣ್ಣನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು ಇವತ್ತಿನ ಚಾಳಿಯಲ್ಲ. ಉಡುತಡಿಯಿಂದ ಒಬ್ಬಳೇ ಹೊರಟ ಅಕ್ಕಮಹಾದೇವಿ ಕಲ್ಯಾಣ ಮುಟ್ಟಿದಾಗ ಏನಾಯಿತು? ಶೂನ್ಯಸಂಪಾದನೆ ಆ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಜಾತಿಯ ಬೇಲಿ ಕೀಳಲು ಹೊರಟ ಶರಣರ ನಗರ ಅದು. ಅಲ್ಲಿಯೂ ಅಲ್ಲಮ ಆಕೆಯನ್ನು ನಿಲ್ಲಿಸಿ ನಿನ್ನ ಗಂಡ ಯಾರು ಅಂತ ಕೇಳಿದ. ಅಕ್ಕ ಉತ್ತರ ಕೊಟ್ಟಳು, ಗೆದ್ದಳು, ಸರಿ. ನಮ್ಮ ಪಂಡಿತರು ಆ ಸಂವಾದದ ಅನುಭಾವವನ್ನು ಸಾವಿರ ಸಲ ಹೊಗಳಿದ್ದಾರೆ. ಆದರೆ ಅನುಭಾವಿಯಲ್ಲದ ಹೆಣ್ಣು ಬಂದಿದ್ದರೆ? ವಾದ ಮಾಡಲು ಬಾರದ, ಹಸಿದ, ಬರೀ ಒಂದು ರಾತ್ರಿ ಮಲಗಲು ಜಾಗ ಕೇಳುವ ಹೆಣ್ಣು ಬಂದಿದ್ದರೆ? ಊರಿನೊಳಗೆ ಕಾಲಿಡಲು ಹೆಣ್ಣು ಅಸಾಮಾನ್ಯಳಾಗಿರಬೇಕು ಅನ್ನುವುದೇ ಅನ್ಯಾಯ.

ಅದೇ ಕಲ್ಯಾಣದ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ಬದುಕು ಮಾಡಿದ ಮಾರಯ್ಯನಿದ್ದ, ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಅವರೂ ಬೇರೆ ಊರಿನಿಂದ ನಡೆದು ಬಂದವರೇ. ಕೊಟ್ಟಣ ಕುಟ್ಟುವ ಸೋಮಮ್ಮ ಇದ್ದಳು. ದುಡಿಯುವ ಹೆಣ್ಣಿನ ಕಣ್ಣಿಗೆ ಆ ನಗರ ಹೇಗೆ ಕಂಡಿತು ಅನ್ನುವುದು ಬೇರೆಯೇ ಒಂದು ಕಥೆ. ಆ ಕಥೆಯನ್ನು ನಾವು ಇನ್ನೂ ಪೂರ್ತಿ ಓದಿಲ್ಲ.

ಇವತ್ತಿನ ಕಲ್ಯಾಣದ ಬಾಗಿಲು ಅಂದರೆ ಲಾಡ್ಜಿನ ರಿಜಿಸ್ಟರು. ಹೆಸರೇನು, ಯಾವ ಊರು, ಜೊತೆಗೆ ಯಾರಿದ್ದಾರೆ, ಯಾಕೆ ಬಂದಿರಿ. ಒಂಟಿ ಹೆಣ್ಣಿಗೆ ರೂಮು ಕೊಡಬಾರದು ಅಂತ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಎಷ್ಟೋ ಊರುಗಳ ಅಗ್ಗದ ಲಾಡ್ಜುಗಳಲ್ಲಿ 'ಫ್ಯಾಮಿಲಿಗೆ ಮಾತ್ರ ಕೊಡೋದಮ್ಮ' ಅನ್ನುವ ಮಾತು ಕಾನೂನಿಗಿಂತ ಗಟ್ಟಿಯಾಗಿ ನಡೆಯುತ್ತದೆ. ದುಬಾರಿ ಹೋಟೆಲಿನಲ್ಲಿ ಈ ಪ್ರಶ್ನೆ ಏಳುವುದು ಕಡಿಮೆ. ಅಂದರೆ ದುಡ್ಡಿದ್ದವಳ ಶೀಲಕ್ಕೆ ಬಿಲ್ಲೇ ಸಾಕ್ಷಿ, ಬಡವಳ ಶೀಲಕ್ಕೆ ಗಂಡ ಬಂದು ಸಾಕ್ಷಿ ಹೇಳಬೇಕು.

ರಿಜಿಸ್ಟರಿನ ಈ ಅವಮಾನವನ್ನು ನಮ್ಮವರು ಮೊದಲೇ ಉಂಡಿದ್ದಾರೆ. 'ವೈಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಆತ್ಮಕಥನದಲ್ಲಿ ಬಾಬಾಸಾಹೇಬರು ಬರೆದದ್ದು ಇದನ್ನೇ. ಅಮೆರಿಕೆ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರೆ ಅವರಿಗೆ ಇಳಿದುಕೊಳ್ಳಲು ಜಾಗವಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯಿತು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಗೆಳೆಯರ ಮನೆಗಳೂ ಬಾಗಿಲು ತೆರೆಯಲಿಲ್ಲ. ಕೊಲಂಬಿಯಾದಲ್ಲಿ ಓದಿದ ವಿದ್ವಾಂಸ ಸಾರ್ವಜನಿಕ ಉದ್ಯಾನದಲ್ಲಿ ಕೂತು ರಾತ್ರಿಯ ರೈಲಿಗೆ ಕಾದರು. ಭಾರತದ ಪ್ರವಾಸ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಪುಸ್ತಕ ಯಾವುದಿದೆ? ಆದರೆ ಪ್ರವಾಸ ಸಾಹಿತ್ಯದ ಪಾಠ ಮಾಡುವಾಗ ಯಾವ ಮೇಷ್ಟರೂ ಇದರ ಹೆಸರು ಹೇಳುವುದಿಲ್ಲ. ಯಾಕೆಂದರೆ ಇದರಲ್ಲಿ ಸೂರ್ಯಾಸ್ತದ ವರ್ಣನೆ ಇಲ್ಲ.

ಆ ಉದ್ಯಾನದಲ್ಲಿ ಕೂತ ಮನುಷ್ಯ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 15ನೆಯ ವಿಧಿಯ ಎರಡನೆಯ ಭಾಗವನ್ನು ತೆಗೆದು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳ ಬಳಕೆಗೆ ಯಾವ ನಾಗರಿಕರನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ತಡೆಯುವಂತಿಲ್ಲ ಅನ್ನುತ್ತದೆ ಅದು. ಜಾತಿ ಮತ್ತು ಲಿಂಗ ಎರಡೂ ಒಂದೇ ಉಸಿರಿನಲ್ಲಿ ಬಂದಿವೆ, ಗಮನಿಸಿ. ದಲಿತನಿಗೆ ಬಾವಿ ಮುಚ್ಚುವ ಕೈ ಮತ್ತು ಒಂಟಿ ಹೆಣ್ಣಿಗೆ ಬಾಗಿಲು ಮುಚ್ಚುವ ಕೈ ಒಂದೇ ಅಂತ 1950ರಿಂದ ಜಾರಿಯಲ್ಲಿರುವ ಈ ಸಾಲು ನಮಗೆ ಹೇಳುತ್ತಿದೆ. ನಿರಾಳ ನಗರಗಳ ಬರಹಗಳು ಈ ಎರಡನ್ನೂ ಮತ್ತೆ ಬೇರೆ ಬೇರೆ ಮಾಡುತ್ತವೆ. 'ಮನೆಯವರಂತೆ ನೋಡಿಕೊಳ್ಳುವ ಹೋಂಸ್ಟೇ' ಅಂತ ಹೊಗಳುವಾಗ ಯಾರ ಮನೆ ಅಂತ ಕೇಳುವುದಿಲ್ಲ. ಬಾಡಿಗೆ ಮನೆ ಹುಡುಕುವಾಗ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನುವ ಬೋರ್ಡು ನೋಡಿ ತಿರುಗಿ ಬಂದ ಹುಡುಗಿಗೆ 'ಮನೆಯವರಂತೆ' ಅನ್ನುವ ಮಾತು ಕೇಳಿದರೇ ಅಳುಕು. ಛತ್ರಗಳ ವಿಷಯ ಬೇಡವೇ ಬೇಡ, ಎಷ್ಟೋ ಛತ್ರಗಳ ಹೆಸರಿನಲ್ಲೇ ಜಾತಿ ಇದೆ.

3

ಇಲ್ಲಿ ಇನ್ನೊಂದು ಮುಖ್ಯ ಮಾತು ಹೇಳಬೇಕು. ಈ ಪ್ರವಾಸ ಬರಹಗಳ ಕಥೆ ಯಾವಾಗಲೂ ಹೊಸ್ತಿಲು ದಾಟುವ ಕಥೆ. ಮನೆಯೊಳಗೆ ಕೂಡಿ ಹಾಕಿದ ಹೆಣ್ಣು ಹೊರಗೆ ಬಂದಳು, ಬಿಡುಗಡೆ ಆಯಿತು. ಮೇಲ್ಜಾತಿಯ ಹೆಣ್ಣಿಗೆ ಇದು ನಿಜವಾದ ಕಥೆ, ನೋವಿನ ಕಥೆ. ಆದರೆ ನಮ್ಮ ಅವ್ವಂದಿರು ಹೊಸ್ತಿಲು ದಾಟಿ ಎಷ್ಟು ತಲೆಮಾರು ಆಯಿತು? ನಾಟಿಗೆ, ಕಳೆಗೆ, ಸೌದೆಗೆ, ಜಲ್ಲಿ ಹೊರುವುದಕ್ಕೆ, ಸಂತೆಗೆ ಅವರು ಯಾವತ್ತೂ ಹೊರಗೇ ಇದ್ದವರು. ಅವರ ಸಮಸ್ಯೆ ಹೊರಗೆ ಬರಲಾಗದ್ದಲ್ಲ, ಹೊರಗೆ ನೆಮ್ಮದಿ ಇಲ್ಲದ್ದು. ಹೊರಗಿದ್ದಾಳೆ ಅನ್ನುವ ಕಾರಣಕ್ಕೇ ಅವಳನ್ನು ಸುಲಭದವಳು ಅಂದುಕೊಂಡ ಕಣ್ಣುಗಳಿದ್ದವು. ಬಸವಿ ಬಿಟ್ಟವರೂ ಅವರೇ, ಆಮೇಲೆ ಶೀಲದ ಮಾತಾಡಿದವರೂ ಅವರೇ.

ಮರಾಠಿಯ ಊರ್ಮಿಳಾ ಪವಾರ್ 2003ರಲ್ಲಿ ಪ್ರಕಟಿಸಿದ ಆತ್ಮಕಥೆ 'ಆಯದಾನ್' ಇಂಥ ಒಂದು ನಡಿಗೆಯಿಂದಲೇ ಶುರುವಾಗುತ್ತದೆ. ಕೊಂಕಣದ ಹಳ್ಳಿಯ ದಲಿತ ಹೆಂಗಸರು ತಲೆ ಮೇಲೆ ಹೊರೆ ಹೊತ್ತು ಗುಡ್ಡ ಹತ್ತಿ ಇಳಿದು ರತ್ನಾಗಿರಿಯ ಪೇಟೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಮಾತು, ನಗು, ಬೈಗುಳ, ಸುಸ್ತು. ರತ್ನಾಗಿರಿಯೂ ಪ್ರವಾಸಿಗಳು ಕಡಲು ನೋಡಲು ಹೋಗುವ ಊರೇ. ಆದರೆ ಹೊರೆ ಹೊತ್ತವಳಿಗೆ ಕಾಣುವ ರತ್ನಾಗಿರಿ ಅಂದರೆ ಹೊರೆ ಇಳಿಸುವ ಜಾಗ, ಸರಿಯಾದ ಬೆಲೆ ಕೊಡದ ಗಿರಾಕಿ, ವಾಪಸು ನಡೆಯಬೇಕಾದ ದಾರಿ. ನಗರವನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ.

ಮೈಸೂರಿಗೆ ಬನ್ನಿ. ಪ್ರವಾಸಿ ಮಹಿಳೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ರಾಶಿಯ ಫೋಟೋ ತೆಗೆದು ಮೈಸೂರು ಎಷ್ಟು ನಿರಾಳ ಅಂತ ಬರೆಯುತ್ತಾಳೆ. ಹೂವಿನ ಹಿಂದೆ ಕೂತ ಹೆಣ್ಣು ನಸುಕಿಗೆ ಎದ್ದು ಬಂದವಳು. ಅವಳೂ ಒಂಟಿ ಪ್ರಯಾಣಿಕಳೇ, ನಿತ್ಯದ ಪ್ರಯಾಣಿಕಳು. ಅವಳು ಮಧ್ಯಾಹ್ನ ಎಲ್ಲಿ ಒರಗುತ್ತಾಳೆ? ಮುಟ್ಟಿನ ದಿನ ಎಲ್ಲಿಗೆ ಹೋಗುತ್ತಾಳೆ? ಕೊನೇ ಬಸ್ಸು ತಪ್ಪಿದರೆ ರಾತ್ರಿ ಎಲ್ಲಿರುತ್ತಾಳೆ? ಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಯಾಕೆಂದರೆ ಅವಳು ಪಟ್ಟಿಯ ಓದುಗಳಲ್ಲ, ಪಟ್ಟಿಯ ಚಿತ್ರ.

ಊರು ಚೊಕ್ಕಟ ಅನ್ನುವುದು ಮೈಸೂರಿನ ಇನ್ನೊಂದು ಹೆಗ್ಗಳಿಕೆ. 2015ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ 476 ನಗರಗಳ ಪೈಕಿ ಮೈಸೂರು ಮೊದಲು, 2016ರಲ್ಲಿ 73 ನಗರಗಳ ಪೈಕಿಯೂ ಅದೇ ಮೊದಲು. ಪದಕ ಬಂತು, ಫೋಟೋ ಬಂತು. ಪೊರಕೆ ಹಿಡಿದವರು ಯಾರು? ಬೆಳಗಿನ ಜಾವ ಖಾಲಿ ಬೀದಿಯಲ್ಲಿ ಒಬ್ಬೊಬ್ಬಳೇ ಗುಡಿಸುವ ಪೌರಕಾರ್ಮಿಕ ಹೆಂಗಸರು, ಅವರಲ್ಲಿ ಹೆಚ್ಚಿನವರು ದಲಿತರು. ಕೆಲಸ ಕಾಯಂ ಮಾಡಿ ಅಂತ ಈ ರಾಜ್ಯದ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು. ಕತ್ತಲಲ್ಲಿ ಒಬ್ಬಳೇ ಬೀದಿಯಲ್ಲಿರುವ ಇವರಿಗೆ ಯಾವ ವಿಶ್ವವಿದ್ಯಾಲಯವೂ 6.30ರ ಸುತ್ತೋಲೆ ಹೊರಡಿಸುವುದಿಲ್ಲ. ಹೊರಡಿಸಿದರೆ ಊರು ಗಬ್ಬು ನಾರುತ್ತದಲ್ಲ! ಒಬ್ಬರ ನಿರಾಳಕ್ಕೆ ಇನ್ನೊಬ್ಬರ ನಿದ್ದೆ ಬೆಲೆ ತೆರುತ್ತದೆ.

'ಶಾಂತ ನಗರ' ಅನ್ನುವ ಬಿರುದಿನ ಬಗ್ಗೆಯೂ ನಮ್ಮವರಿಗೆ ಬೇರೆ ನೆನಪಿದೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದು ಇದೇ ಮೈಸೂರಿನಲ್ಲಿ. ಆಮೇಲೆ ಎದ್ದ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಕೆಣಕದೆ ಇದ್ದರೆ ಎಲ್ಲ ಊರೂ ಶಾಂತವೇ.

ಮುಂಬಯಿಯ ಮೂವರು ಲೇಖಕಿಯರು, ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ, 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕ ತಂದರು. ಹೆಣ್ಣಿಗೆ ಬೇಕಾದದ್ದು ಬರೀ ಸುರಕ್ಷತೆಯಲ್ಲ, ಕೆಲಸದ ನೆಪವಿಲ್ಲದೆ ಬೀದಿಯಲ್ಲಿ ಸುಮ್ಮನೆ ನಿಲ್ಲುವ ಹಕ್ಕು ಅಂತ ಅವರ ವಾದ. ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ಬಡ ಗಂಡಸರನ್ನು, ಮುಸ್ಲಿಮರನ್ನು ಬೀದಿಯಿಂದ ಓಡಿಸುವುದನ್ನೂ ಅವರು ಒಪ್ಪುವುದಿಲ್ಲ. ಇದು ನಮ್ಮ ಹುಡುಗ ಹುಡುಗಿಯರು ಓದಬೇಕಾದ ಪುಸ್ತಕ. ನಾವು ಇದಕ್ಕೆ ಸೇರಿಸಬೇಕಾದ ಮಾತು ಒಂದಿದೆ. ಸುಮ್ಮನೆ ನಿಲ್ಲಬೇಕಾದರೆ ಮೊದಲು ಹೊರೆ ಇಳಿಸಬೇಕು. ದಿನದ ಕೂಲಿ ಹೋದರೆ ರಾತ್ರಿ ಒಲೆ ಹತ್ತದ ಹೆಣ್ಣಿಗೆ ಬೀದಿಯ ಹಕ್ಕಿನ ಜೊತೆಗೆ ಬಿಡುವಿನ ಹಕ್ಕೂ ಬೇಕು, ಕೂಲಿಯ ಹಕ್ಕೂ ಬೇಕು.

4

ಹಾಗಾದರೆ ಬಡ ಹೆಣ್ಣಿಗೆ ಪ್ರವಾಸದ ಸುಖವೇ ಇಲ್ಲವೆ? ಇದೆ, ಮತ್ತು ಅದು ನಮ್ಮ ಕಣ್ಣೆದುರೇ ನಡೆಯುತ್ತಿದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಸರ್ಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. 2025ರ ಜುಲೈ ಹೊತ್ತಿಗೆ ಈ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಮೊದಲ ವಾರಗಳಲ್ಲಿ ಹೆಂಗಸರು ಧರ್ಮಸ್ಥಳಕ್ಕೆ, ಮಾದೇಶ್ವರನ ಬೆಟ್ಟಕ್ಕೆ, ಮೈಸೂರಿಗೆ ಹೊರಟಾಗ ಎಷ್ಟು ನಗೆಚಾಟಿಕೆ ಬಂದವು! ಹೆಂಡತಿ ಊರು ಸುತ್ತುತ್ತಾಳೆ, ಗಂಡ ಮುದ್ದೆ ತಿರುವುತ್ತಾನೆ ಅಂತ. ವಿಮಾನದಲ್ಲಿ ಒಬ್ಬಳೇ ಹೋದವಳು 'ಸ್ವತಂತ್ರ ಮಹಿಳೆ', ಕೆಂಪು ಬಸ್ಸಿನಲ್ಲಿ ಹೋದವಳು 'ಬಿಟ್ಟಿ ಬಸ್ಸು ಅಂತ ತಿರುಗುವವಳು'. ಪ್ರಯಾಣ ಒಂದೇ, ವರ್ಗ ಬೇರೆ, ಹಾಗಾಗಿ ಹೆಸರೂ ಬೇರೆ.

ಕನ್ನಡದಲ್ಲಿ ಇವತ್ತು ಬರೆಯಬೇಕಾದ ಪ್ರವಾಸಕಥನ ಈ ಬಸ್ಸಿನೊಳಗಿದೆ. ಕೈಕಾಸಿಗೆ ಯಾರ ಮುಂದೆಯೂ ಕೈ ಚಾಚದೆ ತವರಿಗೆ ಹೋಗಿ ಬಂದವಳು, ಅರವತ್ತು ವರ್ಷಕ್ಕೆ ಮೊದಲ ಸಲ ಅರಮನೆ ನೋಡಿದವಳು, ದೊಡ್ಡಾಸ್ಪತ್ರೆಗೆ ಮಗಳನ್ನು ತೋರಿಸಲು ತಾನೇ ಕರೆದುಕೊಂಡು ಹೋದವಳು. ಇವರ ಮಾತನ್ನು ಬರೆದುಕೊಳ್ಳುವವರು ಯಾರು?

ಆದರೆ ಬಸ್ಸು ಊರಿನ ಬಾಗಿಲ ತನಕ ಮಾತ್ರ ಬಿಡುತ್ತದೆ. ಅಲ್ಲಿಂದ ಮುಂದೆ ಊರಿನ ಪಾಳಿ. ಒಂದು ನಗರ ನಿರಾಳವೋ ಅಲ್ಲವೋ ಅಂತ ಪರೀಕ್ಷಿಸಬೇಕಾದರೆ ಕಾಫಿ ಅಂಗಡಿಯಲ್ಲಿ ಕೂತು ನೋಡಬೇಡಿ. ಬೆಳಗಿನ ಜಾವ ಬಸ್ಸಿಳಿದ, ಕೈಯಲ್ಲಿ ನೂರು ರೂಪಾಯಿ ಇರುವ, ಹೇಳಿಕೊಳ್ಳಲು ದೊಡ್ಡ ಕುಲದ ಹೆಸರಿಲ್ಲದ ಹೆಣ್ಣಿನ ಕಣ್ಣಿಂದ ನೋಡಿ. ಬಸ್‌ಸ್ಟ್ಯಾಂಡಿನಲ್ಲಿ ದುಡ್ಡು ಕೇಳದ, ನೀರು ಬರುವ, ಚಿಲಕ ಇರುವ ಕಕ್ಕಸು ಇದೆಯೆ? ಗಂಡನ ಹೆಸರನ್ನಾಗಲಿ ಜಾತಿಯನ್ನಾಗಲಿ ಕೇಳದೆ ಒಂದು ರಾತ್ರಿ ಚಾಪೆ ಕೊಡುವ ಸರ್ಕಾರಿ ತಂಗುದಾಣ ಇದೆಯೆ? ಏನೂ ಕೊಳ್ಳದೆ ಕೂರಬಹುದಾದ ನೆರಳಿದೆಯೆ? ಹೊತ್ತು ಮುಳುಗಿದ ಮೇಲೆ ಅವಳ ಹಳ್ಳಿಗೆ ಬಸ್ಸಿದೆಯೆ? ದೂರು ಕೊಡಲು ಹೋದರೆ ಪೊಲೀಸು 'ಅಲ್ಲಿಗ್ಯಾಕಮ್ಮ ಹೋಗಿದ್ದೆ?' ಅಂತ ಕೇಳದೆ ಬರೆದುಕೊಳ್ಳುತ್ತಾನೆಯೆ? ಇವಕ್ಕೆ ಹೌದು ಅನ್ನುವ ಊರು ಪ್ರವಾಸಿ ಮಹಿಳೆಗೂ ತಾನಾಗಿ ನಿರಾಳವಾಗುತ್ತದೆ. ಪ್ರವಾಸಿಗೆ ಮಾತ್ರ ನಿರಾಳವಾದ ಊರು ಮಾತ್ರ ಇವಳಿಗೆ ಎಂದೂ ಆಗುವುದಿಲ್ಲ.

ಇವನ್ನು ಬೇಡಿಕೆಗಳೆಂದೇ ತಿಳಿಯಿರಿ. ಸಂಘಟನೆಯ ಗೆಳೆಯರು ತಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡಿಗೆ ಹೋಗಿ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದು ಅಧಿಕಾರಿಗಳ ಮುಂದಿಡಲಿ. ಹಳ್ಳಿಯ ಮೇಷ್ಟ್ರುಗಳು, ಮೇಡಂಗಳು 'ನಾನು ಕಂಡ ಹಂಪೆ' ಅಂತ ಪ್ರಬಂಧ ಬರೆಸುವುದನ್ನು ಸ್ವಲ್ಪ ದಿನ ನಿಲ್ಲಿಸಿ, 'ನನ್ನ ಅವ್ವ ಒಬ್ಬಳೇ ಪೇಟೆಗೆ ಹೋಗಿ ಬಂದ ದಿನ' ಅಂತ ಹೆಣ್ಣುಮಕ್ಕಳ ಕೈಯಲ್ಲಿ ಬರೆಸಲಿ. ಕಾಗುಣಿತ ತಿದ್ದಬೇಡಿ, ಬರೆದದ್ದನ್ನು ಹಾಗೇ ಕಳಿಸಿ. ಅಂಥ ಬರಹಗಳು ಬಂದಷ್ಟೂ ಅಚ್ಚು ಮಾಡಲು ಇಂಥ ಪತ್ರಿಕೆಗಳಲ್ಲಿ ಜಾಗವಿದೆ.